ವಾಪ್ಪನಿಗೆ ಬರೆದ ಕೊನೆಯ ಕಾಗದ

1943ರ ಸೆಪ್ಟೆಂಬರ್ 10, ಶುಕ್ರವಾರ. ಹಿಜರಿ 1362ರ ರಮಝಾನ್ ತಿಂಗಳು. ಆ ದಿನ ಬೆಳಗಿನ ಜಾವ ಮದರಾಸಿನ ಸೆರೆಮನೆಯಲ್ಲಿ ನಾಲ್ಕು ಮಂದಿ ಯುವಕರನ್ನು ಗಲ್ಲಿಗೇರಿಸಲಾಯಿತು. ಅಬ್ದುಲ್ ಖಾದರ್, ಅನಂದನ್, ಸತ್ಯೇಂದ್ರ ಚಂದ್ರ ಬರ್ಧನ್, ಫೌಜಾ ಸಿಂಗ್. ಒಬ್ಬ ಬಂಗಾಳದವ, ಒಬ್ಬ ಪಂಜಾಬಿನವ, ಇಬ್ಬರು ಮಲಯಾಳಿಗಳು. ಅಬ್ದುಲ್ ಖಾದರ್‌ಗೆ ಆಗ 26 ವರ್ಷ.

ಈ ಹೆಸರು ನಮ್ಮಲ್ಲಿ ಹಲವರಿಗೆ ಗೊತ್ತು. ಆಗಸ್ಟ್ 15 ಹತ್ತಿರ ಬಂದಾಗ ವಾಟ್ಸಾಪ್‌ನಲ್ಲಿ ಓಡಾಡುವ ‘ಮುಸ್ಲಿಮ್ ಸ್ವಾತಂತ್ರ್ಯ ಹೋರಾಟಗಾರರು’ ಎಂಬ ಪಟ್ಟಿಯಲ್ಲಿ ‘ವಕ್ಕಂ ಖಾದರ್, ಕೇರಳದ ಭಗತ್ ಸಿಂಗ್’ ಎಂದು ಒಂದು ಸಾಲು ಇರುತ್ತದೆ. ಸಾಲು ಓದಿ, ಮುಂದಕ್ಕೆ ಕಳಿಸಿ, ಮರೆಯುತ್ತೇವೆ. ನಾನು ಇಲ್ಲಿ ಬರೆಯಲು ಹೊರಟದ್ದು ಆ ಸಾಲಿನ ಹಿಂದಿನ ಹುಡುಗನ ಬಗ್ಗೆ, ಗಲ್ಲಿನ ಹಿಂದಿನ ರಾತ್ರಿ ಅವನು ಮನೆಗೆ ಬರೆದ ಕಾಗದದ ಬಗ್ಗೆ. ಹುತಾತ್ಮರನ್ನು ಬಹುವಚನದಲ್ಲಿ ಕರೆಯುವುದು ಮರ್ಯಾದೆ, ಗೊತ್ತು. ಆದರೂ ಇಲ್ಲಿ ‘ಅವನು’ ಎಂದೇ ಬರೆಯುತ್ತೇನೆ, ಮನೆಯ ಮಗನ ಬಗ್ಗೆ ಮಾತಾಡುವ ಹಾಗೆ.

ವಕ್ಕಂ ಎಂಬುದು ತೆಂಕು ಕೇರಳದ, ಆಗಿನ ತಿರುವಾಂಕೂರು ಸಂಸ್ಥಾನದ, ಒಂದು ಊರು. ವರ್ಕಲದಿಂದ ದೂರವಿಲ್ಲ. ‘ಸ್ವದೇಶಾಭಿಮಾನಿ’ ಪತ್ರಿಕೆ ಹೊರಡಿಸಿದ ವಕ್ಕಂ ಮೌಲವಿಯವರ ಊರೂ ಅದೇ. 1910ರಲ್ಲಿ ಸಂಸ್ಥಾನದ ಸರಕಾರ ಆ ಪತ್ರಿಕೆಯ ಮುದ್ರಣಾಲಯವನ್ನೇ ಜಪ್ತಿ ಮಾಡಿತ್ತು. ಅಬ್ದುಲ್ ಖಾದರ್ ಹುಟ್ಟಿದ್ದು 1917ರಲ್ಲಿ. ಸಾಧಾರಣ ಮನೆ. ಫುಟ್ಬಾಲ್ ಆಡುತ್ತಿದ್ದ, ಚೆನ್ನಾಗಿ ಹಾಡುತ್ತಿದ್ದ ಎಂದು ಅವನ ಬಗ್ಗೆ ಬರೆದವರೆಲ್ಲ ಹೇಳುತ್ತಾರೆ. ಶಾಲೆ ಮುಗಿಸಿ 1938ರಲ್ಲಿ, 21ರ ಪ್ರಾಯದಲ್ಲಿ, ಕೆಲಸ ಹುಡುಕಿ ಮಲಾಯಕ್ಕೆ ಹೊರಟ.

ಇಷ್ಟು ಓದುವಾಗ ನಮ್ಮವರಿಗೆ ಯಾವುದೂ ಹೊಸತೆನಿಸದು. ದುಬೈ, ಸೌದಿ ಬರುವ ಮೊದಲು ನಮ್ಮ ಕರಾವಳಿಗೆ ಪರದೇಶ ಎಂದರೆ ಕೊಲಂಬೊ, ರಂಗೂನ್, ಪಿನಾಂಗ್, ಸಿಂಗಾಪುರ. ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು ಎಲ್ಲಿ ಕೇಳಿದರೂ ಹಳಬರ ಬಾಯಲ್ಲಿ ಈ ಹೆಸರುಗಳು ಬರುತ್ತಿದ್ದವು. ಮಗ ಹೋದ, ಮಗನ ಕಾಗದ ಬಂತು, ಮಗನ ಹಣ ಬಂತು, ತಂಗಿಯ ಮದುವೆ ಆಯಿತು. ಕತೆ ಹೀಗೆಯೇ ನಡೆಯಬೇಕಿತ್ತು. ವಕ್ಕಂನ ಮನೆಯವರೂ ಬೇರೇನನ್ನೂ ಬಯಸಿ ಮಗನನ್ನು ಹಡಗು ಹತ್ತಿಸಿರಲಾರರು.

ಯುದ್ಧ ಬಂದದ್ದು 1941ರ ಡಿಸೆಂಬರ್‌ನಲ್ಲಿ. ಜಪಾನಿನ ವಿಮಾನಗಳು ಪಿನಾಂಗ್ ಮೇಲೆ ಬಾಂಬು ಸುರಿದವು. ಬ್ರಿಟಿಷ್ ಅಧಿಕಾರಿಗಳು ರಾತ್ರೋರಾತ್ರಿ ಯುರೋಪಿಯನ್ನರನ್ನು ಮಾತ್ರ ದಾಟಿಸಿ, ಚೀನೀಯರು, ಮಲಾಯಿಗಳು, ಭಾರತೀಯರನ್ನು ಬಾಂಬಿನ ಕೆಳಗೆ ಬಿಟ್ಟು ಹೋದರು. ಡಿಸೆಂಬರ್ 19ಕ್ಕೆ ಜಪಾನಿ ಸೈನ್ಯ ಪಿನಾಂಗ್‌ಗೆ ಬಂತು. ಮರುವರ್ಷ ಫೆಬ್ರವರಿ 15ರಂದು ಸಿಂಗಾಪುರ ಬಿತ್ತು. 40 ಸಾವಿರಕ್ಕೂ ಹೆಚ್ಚು ಭಾರತೀಯ ಸೈನಿಕರು ಸೆರೆಯಾದರು. ಅದುವರೆಗೆ ಬ್ರಿಟಿಷರ ಬಲದ ಮೇಲೆ ನಂಬಿಕೆ ಇಟ್ಟಿದ್ದವರಿಗೂ ಆ ಎರಡು ತಿಂಗಳಲ್ಲಿ ಏನಾಯಿತೆಂದು ಊಹಿಸಬಹುದು. ತಮ್ಮನ್ನು ಬಿಟ್ಟು ಓಡಿದವರ ಮೇಲೆ ಯಾರಿಗೆ ನಿಷ್ಠೆ ಉಳಿದೀತು?

ಮಲಾಯದ ಭಾರತೀಯರು ‘ಇಂಡಿಯನ್ ಇಂಡಿಪೆಂಡೆನ್ಸ್ ಲೀಗ್’ನಲ್ಲಿ ಸೇರಿದರು. ಲೀಗಿನ ಮುಂದಾಳು ರಾಸ್ ಬಿಹಾರಿ ಬೋಸ್. ಪಿನಾಂಗ್‌ನಲ್ಲಿ ವಕೀಲ ಎನ್. ರಾಘವನ್ ನೇತೃತ್ವದಲ್ಲಿ ‘ಸ್ವರಾಜ್ ಇನ್‌ಸ್ಟಿಟ್ಯೂಟ್’ ಎಂಬ ತರಬೇತಿ ಶಾಲೆ ಶುರುವಾಯಿತು. ಭಾರತದೊಳಗೆ ಗುಟ್ಟಾಗಿ ನುಗ್ಗಿ ಸುದ್ದಿ ಕಳಿಸುವುದು, ಜನರನ್ನು ಕೂಡಿಸುವುದು, ಇಂಥ ಕೆಲಸಕ್ಕೆ ಅಲ್ಲಿ ಯುವಕರನ್ನು ತಯಾರು ಮಾಡುತ್ತಿದ್ದರು. ಅಬ್ದುಲ್ ಖಾದರ್ ಅಲ್ಲಿ ಸೇರಿದ.

ಇಲ್ಲಿ ಒಂದು ವಿಷಯ ಹೇಳಿಯೇ ಮುಂದೆ ಹೋಗಬೇಕು. ಅವನನ್ನು ‘ನೇತಾಜಿಯ ಸೈನಿಕ’ ಎಂದು ಬರೆಯುವುದು ರೂಢಿ. ಸುಭಾಷ್‌ಚಂದ್ರ ಬೋಸ್ ಸಿಂಗಾಪುರಕ್ಕೆ ಬಂದದ್ದು 1943ರ ಜುಲೈನಲ್ಲಿ. ಅಷ್ಟರಲ್ಲಿ ಈ ಹುಡುಗ ಮದರಾಸಿನ ಜೈಲಿನಲ್ಲಿ ಗಲ್ಲಿಗಾಗಿ ಕಾಯುತ್ತಿದ್ದ. ಆಝಾದ್ ಹಿಂದ್ ಸರಕಾರದ ಘೋಷಣೆಯಾದದ್ದು ಅಕ್ಟೋಬರ್ 21ರಂದು, ಅವನು ಸತ್ತು ಆರು ವಾರ ಕಳೆದ ಮೇಲೆ. ‘ಚಲೋ ದಿಲ್ಲಿ’ಯ ಅಬ್ಬರ, ಮೆರವಣಿಗೆ, ನೇತಾಜಿಗೆ ಸೆಲ್ಯೂಟ್ ಯಾವುದನ್ನೂ ಅವನು ಕಂಡವನಲ್ಲ. ಸಂಘಟನೆ ಇನ್ನೂ ಹಸಿಯಾಗಿದ್ದಾಗ, ಜಪಾನೀಯರು ತಮ್ಮ ಲೆಕ್ಕದಲ್ಲೇ ಎಲ್ಲವನ್ನೂ ನಡೆಸುತ್ತಿದ್ದಾಗ ಹೊರಟವನು ಅವನು. ಶಾಲೆಯ ಹುಡುಗರನ್ನು ಜಪಾನೀಯರು ರಾಘವನ್ ಅವರಿಗೆ ತಿಳಿಸದೆಯೇ ಭಾರತಕ್ಕೆ ಸಾಗಿಸಿದರು. ಅದನ್ನು ಪ್ರತಿಭಟಿಸಿ ರಾಘವನ್ ಶಾಲೆಯನ್ನೇ ಮುಚ್ಚಿಬಿಟ್ಟರು. ಆ ವರ್ಷದ ಕೊನೆಗೆ ಲೀಗ್ ಮತ್ತು ಜಪಾನೀಯರ ನಡುವೆ ಎದ್ದ ಜಗಳದಲ್ಲಿ ಇದೂ ಒಂದು ಕಾರಣ. ಹುಡುಗರ ಧೈರ್ಯ ದೊಡ್ಡದು. ಅವರನ್ನು ಕಳಿಸಿದ ರೀತಿ ಮಾತ್ರ ದೊಡ್ಡದಲ್ಲ ಎಂದೇ ನನ್ನ ಅಭಿಪ್ರಾಯ.

1942ರ ಸೆಪ್ಟೆಂಬರ್‌ನಲ್ಲಿ ಜಪಾನಿ ಸಬ್‌ಮರೀನ್ ಒಂದು ಕೆಲವು ಮಂದಿಯನ್ನು ಹೊತ್ತು ಪಿನಾಂಗ್ ಬಿಟ್ಟಿತು. ತಿಂಗಳ ಕೊನೆಯ ವಾರದಲ್ಲಿ ಮಲಬಾರಿನ ತಾನೂರಿನ ಹತ್ತಿರ ರಬ್ಬರ್ ದೋಣಿಯಲ್ಲಿ ಅವರು ಕರೆಗೆ ಬಂದರು. ನಮ್ಮ ಕಡಲ ಕರೆ ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಅಲ್ಲಿ ಅಪರಿಚಿತ ಮುಖ ಅಡಗಿ ಇರುವುದು ಸಾಧ್ಯವೇ ಇಲ್ಲ. ಅದೂ ಯುದ್ಧಕಾಲ, ಜಪಾನಿನವರು ಬರುತ್ತಾರೆಂಬ ಗುಲ್ಲು ಎಲ್ಲೆಡೆ. ಬೇಗನೆ ಪೊಲೀಸರ ಕೈಗೆ ಸಿಕ್ಕಿದರು. ಇನ್ನೊಂದು ತಂಡ ಗುಜರಾತಿನ ಕಾಠಿಯಾವಾಡ ಕರಾವಳಿಯಲ್ಲಿ ಇಳಿದಿತ್ತು, ಮತ್ತೊಂದು ಬರ್ಮಾದ ಕಾಡುದಾರಿ ಹಿಡಿದಿತ್ತು. ಅವರೂ ಸಿಕ್ಕಿಬಿದ್ದರು. ಒಂದು ಗುಂಡೂ ಹಾರಲಿಲ್ಲ, ಒಂದು ಸೇತುವೆಯೂ ಬೀಳಲಿಲ್ಲ.

ವಿಚಾರಣೆ ಮದರಾಸಿನಲ್ಲಿ ನಡೆಯಿತು. ತಿರುವಾಂಕೂರಿನ ಹುಡುಗನ ಕೇಸು ಮದರಾಸಿಗೆ ಹೋದದ್ದು ಹೇಗೆ ಎಂದರೆ, ಅವನು ಇಳಿದ ತಾನೂರು ಮದರಾಸ್ ಪ್ರಾಂತ್ಯದ ಮಲಬಾರ್ ಜಿಲ್ಲೆಯಲ್ಲಿತ್ತು. ಕಾಸರಗೋಡು ತಾಲೂಕು ಸೇರಿದ ನಮ್ಮ ದಕ್ಷಿಣ ಕನ್ನಡವೂ ಆಗ ಅದೇ ಪ್ರಾಂತ್ಯ. ರಾಜನ ವಿರುದ್ಧ ಯುದ್ಧ ಹೂಡಲು ಸಂಚು ಮಾಡಿದ ಆರೋಪದ ಜೊತೆಗೆ 1943ರಲ್ಲಿ ಹೊರಬಂದ ‘ಶತ್ರು ಏಜೆಂಟರ ಸುಗ್ರೀವಾಜ್ಞೆ’ಯನ್ನೂ ಹೇರಲಾಯಿತು. ಹುಡುಗರು ಸಿಕ್ಕಿದ್ದು 1942ರಲ್ಲಿ ಎಂಬುದನ್ನು ನೆನಪಿಡಿ. ಮರಣದಂಡನೆಯಾದವರಲ್ಲಿ ಬೋನಿಫೇಸ್ ಪೆರೇರ ಎಂಬ ಇನ್ನೊಬ್ಬ ಮಲಯಾಳಿಯ ಶಿಕ್ಷೆ ಮಾತ್ರ ಆಮೇಲೆ ಜೈಲುವಾಸಕ್ಕೆ ಇಳಿಯಿತು.

1943 ಎಂದಾಗ ನಮ್ಮ ಜಿಲ್ಲೆಯವರಿಗೆ ಇನ್ನೊಂದು ಹೆಸರು ನೆನಪಾಗದೆ ಇರದು. ಅದೇ ವರ್ಷ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಕಯ್ಯೂರಿನ ನಾಲ್ವರು ರೈತ ಹುಡುಗರನ್ನು ಗಲ್ಲಿಗೇರಿಸಿದರು. ಅಪ್ಪು, ಚಿರುಕಂಡನ್, ಕುಞಂಬು ನಾಯರ್, ಅಬೂಬಕ್ಕರ್. ಕಯ್ಯೂರು ಆಗ ದಕ್ಷಿಣ ಕನ್ನಡದ ಕಾಸರಗೋಡು ತಾಲೂಕಿನಲ್ಲಿತ್ತು. ಕೇಸು ನಡೆದದ್ದು ಮಂಗಳೂರಿನ ಸೆಶನ್ಸ್ ಕೋರ್ಟಿನಲ್ಲಿ. ನಿರಂಜನರ ‘ಚಿರಸ್ಮರಣೆ’ ಓದಿದವರಿಗೆ ಆ ಕತೆ ಗೊತ್ತು. ಅಬೂಬಕ್ಕರ್ ಮಿಲಿಟ್ರಿಯವನಲ್ಲ, ಅವನ ಜಗಳ ಜಮೀನ್ದಾರರ ಜೊತೆ, ಪೊಲೀಸರ ಜೊತೆ. ಆರು ತಿಂಗಳೊಳಗೆ ಒಂದೇ ಪ್ರಾಂತ್ಯದ ಎರಡು ಜೈಲುಗಳಲ್ಲಿ ನಮ್ಮ ಭಾಷೆ, ನಮ್ಮ ಪ್ರಾರ್ಥನೆಗೆ ಹತ್ತಿರದ ಎರಡು ಮನೆಗಳು ಮಕ್ಕಳನ್ನು ಕಳಕೊಂಡವು ಎಂಬುದಕ್ಕಷ್ಟೇ ಇದನ್ನು ಹೇಳಿದೆ.

ಈಗ ಕಾಗದಕ್ಕೆ ಬರುತ್ತೇನೆ.

ಗಲ್ಲಿನ ಹಿಂದಿನ ರಾತ್ರಿ ಅಬ್ದುಲ್ ಖಾದರ್ ತಂದೆಗೆ ಒಂದು ಕಾಗದ ಬರೆದ. ಅವರ ಕಡೆ ತಂದೆಗೆ ‘ವಾಪ್ಪ’ ಎನ್ನುತ್ತಾರೆ, ನಾವು ‘ಉಪ್ಪ’ ಎನ್ನುವಂತೆ. ಅದರ ಮಾತುಗಳನ್ನು ಇಲ್ಲಿ ಎತ್ತಿ ಬರೆಯುವುದಿಲ್ಲ, ಸಾರ ಮಾತ್ರ ಹೇಳುತ್ತೇನೆ. ವಾಪ್ಪನನ್ನೂ ಉಮ್ಮನನ್ನೂ ಒಡಹುಟ್ಟಿದವರನ್ನೂ ಕರೆದು ವಿದಾಯ ಹೇಳುತ್ತಾನೆ. ನಾಳೆ ಬೆಳಗಾಗುವ ಹೊತ್ತಿಗೆ ತಾನಿರುವುದಿಲ್ಲ ಎಂದು ನೇರವಾಗಿ ತಿಳಿಸುತ್ತಾನೆ. ಸಹಿಸುವ ಶಕ್ತಿಯನ್ನು ದೇವರು ನಿಮಗೆ ಕೊಡಲಿ ಎನ್ನುತ್ತಾನೆ. ತಾನು ಎಷ್ಟು ನೆಮ್ಮದಿಯಿಂದ ಗಲ್ಲಿನ ಕಡೆಗೆ ನಡೆದೆ ಎಂಬುದು ಕಣ್ಣಾರೆ ಕಂಡವರಿಂದ ಒಂದು ದಿನ ನಿಮಗೆ ಗೊತ್ತಾಗುತ್ತದೆ, ಆಗ ನಿಮಗೆ ಸಂತೋಷವಾಗುತ್ತದೆ ಎಂದು ಸಮಾಧಾನ ಮಾಡುತ್ತಾನೆ.

ಆ ಕೊನೆಯ ಮಾತನ್ನು ನಾನು ಹಲವು ಸಲ ಓದಿದ್ದೇನೆ. ಸಾಯುವವನು ಬದುಕಿ ಉಳಿಯುವವರನ್ನು ಸಂತೈಸುತ್ತಿದ್ದಾನೆ. ಜೈಲಿನಲ್ಲಿ ಸತ್ತ ಮಗನ ಬಗ್ಗೆ ಒಬ್ಬ ತಂದೆಯನ್ನು ರಾತ್ರಿಯೆಲ್ಲ ಕೊರೆಯುವ ಪ್ರಶ್ನೆ ಒಂದೇ: ಕೊನೆ ಗಳಿಗೆಯಲ್ಲಿ ನನ್ನ ಮಗ ಹೆದರಿದನೇ? ಅತ್ತನೇ? 26ರ ಹುಡುಗ ಆ ಪ್ರಶ್ನೆಯನ್ನು ಮೊದಲೇ ಅರಿತು ಅದಕ್ಕೆ ಉತ್ತರ ಬರೆದಿಟ್ಟ. ದೇಶಕ್ಕೆ ಬರೆದ ಸಂದೇಶ ಎಂದು ಭಾಷಣಗಳಲ್ಲಿ ಇದನ್ನು ಓದುವವರಿದ್ದಾರೆ. ನನಗೆ ಮಾತ್ರ ಇದು ಮನೆಗೆ ಬರೆದ ಕಾಗದವಾಗಿಯೇ ಕಾಣುತ್ತದೆ. ರಮಝಾನಿನ ರಾತ್ರಿ, ಊರಲ್ಲಿ ಅತ್ತಾಳಕ್ಕೆ ಎದ್ದು ಕೂತಿರುವವರನ್ನು ಮನಸ್ಸಿನಲ್ಲಿಟ್ಟು ಬರೆದದ್ದು.

ಒಬ್ಬ ಹಿಂದೂವನ್ನೂ ತನ್ನನ್ನೂ ಒಟ್ಟಿಗೆ ಗಲ್ಲಿಗೇರಿಸಬೇಕೆಂದು ಅವನು ಕೇಳಿಕೊಂಡ, ಅದರಂತೆ ಅನಂದನ್ ಜೊತೆಗೆ ಅವನನ್ನು ನಿಲ್ಲಿಸಿದರು ಎಂದು ಕೇರಳದಲ್ಲಿ ಹೇಳುತ್ತಾರೆ.

ಈ ಕಾಗದದ ಬೆಲೆ ನನಗೆ ತಿಳಿದದ್ದು ಕಾಗದ ಬಾರದ ಒಂದು ಮನೆಯಿಂದ. ಅದು ನನ್ನ ಉಮ್ಮನ ತವರು. ನನ್ನ ಅಜ್ಜಿಗೆ ಒಬ್ಬ ಅಣ್ಣನಿದ್ದರು. ಅಜ್ಜಿ ಕೊನೆಯವರೆಗೂ ಅವರನ್ನು ‘ಕಾಕ’ ಎಂದಷ್ಟೇ ಹೇಳುತ್ತಿದ್ದರು. ಯುದ್ಧಕ್ಕೆ ಮೊದಲು ಸಿಂಗಾಪುರಕ್ಕೆ ಹೋದವರು. 1941ರ ಕೊನೆಯಿಂದ ಯುದ್ಧ ಮುಗಿಯುವವರೆಗೆ ಮಲಾಯದ ಅಂಚೆ ಊರಿಗೆ ಬರುತ್ತಿರಲಿಲ್ಲ. 1945 ಕಳೆದು ಹಡಗುಗಳು ಓಡಾಡತೊಡಗಿದ ಮೇಲೆ ಹೋದವರಲ್ಲಿ ಕೆಲವರು ವಾಪಸ್ ಬಂದರು. ಕಾಕ ಬರಲಿಲ್ಲ. ‘ಬೋಸರ ಮಿಲಿಟ್ರಿಗೆ ಸೇರಿದ್ದ, ಬರ್ಮಾದ ಕಡೆ ಹೋದ’ ಎಂದು ಬಂದವರೊಬ್ಬರು ಹೇಳಿದ್ದಷ್ಟೇ ಮನೆಗೆ ಸಿಕ್ಕಿದ ಸುದ್ದಿ. ಆಗ ಅವರಿಗೆ 22 ತುಂಬಿರಬೇಕು.

ಸತ್ತ ಎನ್ನಲು ಸಾಕ್ಷಿ ಇಲ್ಲ, ಇದ್ದಾನೆ ಎನ್ನಲು ಕಾಗದ ಇಲ್ಲ. ನಮ್ಮ ಶಾಫಿಈ ಮದ್‌ಹಬ್‌ನಲ್ಲಿ ದೂರದೇಶದಲ್ಲಿ ತೀರಿಕೊಂಡವನಿಗೆ ಊರಲ್ಲೇ ಮಯ್ಯತ್ ನಮಾಝ್ ಮಾಡಬಹುದು, ಮಯ್ಯತ್ ಮುಂದೆ ಇರಬೇಕೆಂದಿಲ್ಲ. ಮಸೀದಿಯ ಖತೀಬರು ಆ ಮಾತು ತೆಗೆದಾಗ ಕಾಕನ ಉಮ್ಮ ಒಪ್ಪಲಿಲ್ಲವಂತೆ. ನಮಾಝ್ ಮಾಡಿದರೆ ಸತ್ತಂತಾಯಿತಲ್ಲ. ಹಾಗಾಗಿ ಪ್ರತಿ ರಮಝಾನಿನಲ್ಲೂ ಮನೆಯಲ್ಲಿ ಎರಡು ದುಆ ನಡೆಯುತ್ತಿತ್ತು. ಗಂಡಸರು ತೀರಿಹೋದವರ ಪಟ್ಟಿಗೆ ಅವರ ಹೆಸರನ್ನು ಸೇರಿಸುತ್ತಿದ್ದರು, ಹೆಂಗಸರು ಅವರು ಸುಖವಾಗಿ ಮನೆ ಸೇರಲಿ ಎಂದು ಬೇಡುತ್ತಿದ್ದರು. ಒಂದೇ ಹೆಸರು, ಒಂದೇ ಮನೆ.

ಕಾಯ್ದೆಗೂ ಇಂಥವರಿಗಾಗಿ ಲೆಕ್ಕ ಇದೆ. ಏಳು ವರ್ಷ ಸುಳಿವಿಲ್ಲದವನು ಸತ್ತನೆಂದು ಕೋರ್ಟು ಭಾವಿಸಬಹುದು ಎನ್ನುತ್ತದೆ ಸಾಕ್ಷ್ಯ ಕಾಯ್ದೆ. ಗಂಡನ ಸುಳಿವು ನಾಲ್ಕು ವರ್ಷ ಇಲ್ಲದಿದ್ದರೆ ಹೆಂಡತಿ ವಿಚ್ಛೇದನ ಕೇಳಬಹುದು ಎಂದು 1939ರ ಮುಸ್ಲಿಮ್ ವಿವಾಹ ವಿಚ್ಛೇದನ ಕಾಯ್ದೆ ಹೇಳುತ್ತದೆ. ಯುದ್ಧದ ನಂತರ ಈ ಕಾಯ್ದೆ ಎಷ್ಟೋ ಹೆಣ್ಣುಮಕ್ಕಳ ಬಾಳನ್ನು ಮುಂದಕ್ಕೆ ದಾಟಿಸಿರಬೇಕು. ಕಾಕನಿಗೆ ಮದುವೆ ಆಗಿರಲಿಲ್ಲ. ಅಷ್ಟರ ಮಟ್ಟಿಗೆ ಒಂದು ಹುಡುಗಿ ಉಳಿದಳು ಎಂದು ಅಜ್ಜಿ ಹೇಳುತ್ತಿದ್ದರು. 1950ರ ದಶಕದಲ್ಲಿ ಮನೆ ಪಾಲಾಯಿತು. ಆಗ ನಮ್ಮಲ್ಲಿ ದಸ್ತಾವೇಜುಗಳೆಲ್ಲ ಕನ್ನಡದಲ್ಲೇ ಇರುತ್ತಿದ್ದವು. ಆ ಪಾಲುಪಟ್ಟಿಯನ್ನು ನಾನು ನೋಡಿದ್ದೇನೆ. ಕಾಕನ ಹೆಸರಿನ ಮುಂದೆ ‘ಹಾಲಿ ಮಲಾಯದಲ್ಲಿರುವ’ ಎಂದಿದೆ. ಏಳು ವರ್ಷ ಎಂದೋ ಕಳೆದಿತ್ತು. ಬರೆಸಿದವರು ಕಾಯ್ದೆ ಗೊತ್ತಿದ್ದವರೇ. ಉಮ್ಮ ಬದುಕಿದ್ದರು, ಅದಕ್ಕೇ ಹಾಗೆ ಬರೆಸಿದರು. ಹತ್ತು ತೆಂಗು, ಒಂದು ಬಾವಿಯ ಅರ್ಧ ಹಕ್ಕು ಬಹಳ ವರ್ಷ ಅವರ ಹೆಸರಿನಲ್ಲೇ ಉಳಿದಿತ್ತು.

ಸಿಂಗಾಪುರದ ಕ್ರಾಂಜಿಯಲ್ಲಿ ಬ್ರಿಟಿಷ್ ಕಡೆಯಲ್ಲಿದ್ದು ಸತ್ತು ಗೋರಿಯೇ ಸಿಗದ 24 ಸಾವಿರಕ್ಕೂ ಹೆಚ್ಚು ಮಂದಿಯ ಹೆಸರುಗಳನ್ನು ಕಲ್ಲಿನಲ್ಲಿ ಕೊರೆದಿದ್ದಾರೆ. ಅದರಲ್ಲಿ ಭಾರತೀಯರ ಹೆಸರುಗಳು ಬಹಳ. ಆ ಯುದ್ಧದಲ್ಲಿ ಬ್ರಿಟಿಷ್ ಇಂಡಿಯಾದ ಸೈನ್ಯಕ್ಕೆ ಸೇರಿದವರು ಸುಮಾರು 25 ಲಕ್ಷ, ಸತ್ತವರು 87 ಸಾವಿರದಷ್ಟು. ಐಎನ್‌ಎ ಸೇರಿ ಸತ್ತವರಿಗಾಗಿ ಬೋಸ್ 1945ರ ಜುಲೈನಲ್ಲಿ ಸಿಂಗಾಪುರದ ಕಡಲ ದಡದಲ್ಲಿ ಒಂದು ಸ್ಮಾರಕಕ್ಕೆ ಅಡಿಗಲ್ಲು ಹಾಕಿದ್ದರು. ಸೆಪ್ಟೆಂಬರ್‌ನಲ್ಲಿ ವಾಪಸ್ ಬಂದ ಬ್ರಿಟಿಷರು ಅದನ್ನು ಸ್ಫೋಟಿಸಿ ಕೆಡವಿದರು. ಎರಡೂ ಕಡೆ ಸತ್ತದ್ದು ನಮ್ಮಂಥವರ ಮನೆಯ ಮಕ್ಕಳೇ. ಹೊಟ್ಟೆಪಾಡಿಗೆ ಬ್ರಿಟಿಷರ ಸೈನ್ಯ ಸೇರಿದವನ ಉಮ್ಮನಿಗೂ ಸೆರೆಯಿಂದ ಐಎನ್‌ಎ ಸೇರಿದವನ ಉಮ್ಮನಿಗೂ ಅಳು ಬೇರೆ ಬೇರೆ ಇರಲಿಲ್ಲ.

ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆ ಎಂದರೆ, ಆ ವಾಟ್ಸಾಪ್ ಪಟ್ಟಿ ನನಗೆ ಹಿಂಸೆ ಮಾಡುತ್ತದೆ. ಯಾರೋ ಎಲ್ಲೋ ನಮ್ಮ ದೇಶಪ್ರೇಮವನ್ನು ಪ್ರಶ್ನಿಸುತ್ತಾರೆ. ತಕ್ಷಣ ನಾವು ಕಪಾಟಿನಿಂದ ಸರ್ಟಿಫಿಕೇಟ್ ತೆಗೆದು ತೋರಿಸುವಂತೆ ಈ ಹೆಸರುಗಳನ್ನು ತೆಗೆಯುತ್ತೇವೆ: ವಕ್ಕಂ ಖಾದರ್, ಬ್ರಿಗೇಡಿಯರ್ ಉಸ್ಮಾನ್, ಹವಾಲ್ದಾರ್ ಅಬ್ದುಲ್ ಹಮೀದ್. 1948ರಲ್ಲಿ ಕಾಶ್ಮೀರದಲ್ಲಿ ಸತ್ತ ಉಸ್ಮಾನ್, 1965ರಲ್ಲಿ ಪಂಜಾಬಿನ ಗಡಿಯಲ್ಲಿ ಟ್ಯಾಂಕುಗಳ ಮುಂದೆ ಸತ್ತ ಹಮೀದ್, ಇವರನ್ನೆಲ್ಲ ನೆನೆಯಲೇಬೇಕು. ಆದರೆ ಪ್ರಶ್ನೆ ಕೇಳಿದವನ ಬಾಯಿ ಮುಚ್ಚಿಸುವುದಕ್ಕೆ ಮಾತ್ರ ನೆನೆದರೆ, ಜಗಳ ಮುಗಿದ ಕೂಡಲೇ ಅವರನ್ನು ವಾಪಸ್ ಕಪಾಟಿಗೆ ಹಾಕುತ್ತೇವೆ. ನಮ್ಮ ಮಕ್ಕಳಿಗೆ ಹೆಸರು ಗೊತ್ತು, ಕತೆ ಗೊತ್ತಿಲ್ಲ. ಮದ್ರಸದ ಹುಡುಗರಿಗೊಮ್ಮೆ ನಾನು ಈ ಕಾಗದದ ಸಾರ ಹೇಳಿದ್ದೆ. ಹತ್ತು ವರ್ಷದವನೊಬ್ಬ ಕೇಳಿದ, ‘ಅವನು ಸತ್ತ ದಿವಸ ನೋಂಬು ಹಿಡಿದಿದ್ದನಾ ಉಸ್ತಾದ್?’ ‘ಸ್ವಾತಂತ್ರ್ಯ ಹೋರಾಟದಲ್ಲಿ ಮುಸ್ಲಿಮರ ಪಾತ್ರ’ ಎಂಬ ಭಾಷಣ ಕೇಳಿದ ಯಾವ ಹುಡುಗನೂ ಇಂಥ ಪ್ರಶ್ನೆ ಕೇಳಿದ್ದನ್ನು ನಾನು ಕಂಡಿಲ್ಲ.

ಓದುವವರಲ್ಲಿ ಒಂದು ಕೋರಿಕೆ. ರಂಗೂನ್, ಪಿನಾಂಗ್, ಸಿಂಗಾಪುರ, ಕೊಲಂಬೊಗೆ ಹೋಗಿ ಯುದ್ಧಕಾಲದಲ್ಲಿ ಕಣ್ಮರೆಯಾದವರು ನಿಮ್ಮ ಮನೆತನದಲ್ಲೂ ಇರಬಹುದು. 1942ರಲ್ಲಿ ಬರ್ಮಾದಿಂದ ಲಕ್ಷಗಟ್ಟಲೆ ಭಾರತೀಯರು ಕಾಡುದಾರಿಯಲ್ಲಿ ನಡೆದು ಬಂದರು, ಬಹಳ ಮಂದಿ ದಾರಿಯಲ್ಲೇ ಮುಗಿದರು. ಅವರಲ್ಲೂ ನಮ್ಮ ಕರಾವಳಿಯವರು ಇದ್ದಿರಬಹುದು. ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಹಳೆಯ ಪಾಲುಪಟ್ಟಿ, ಮನಿಯಾರ್ಡರ್ ಚೀಟಿ, ಸೆನ್ಸರ್ ಮುದ್ರೆ ಬಿದ್ದ ಕಾಗದ ಏನಾದರೂ ಇದ್ದರೆ, ಕಾಗದ ಅರಬಿ ಮಲಯಾಳದಲ್ಲಿದ್ದರೂ ಕನ್ನಡದಲ್ಲಿದ್ದರೂ ಸರಿ, ಗೆದ್ದಲು ಹಿಡಿಯುವ ಮೊದಲು ಒಮ್ಮೆ ಬಿಡಿಸಿ ನೋಡಿ. ಮನೆಯಲ್ಲಿ ಎಂಬತ್ತು ದಾಟಿದವರು ಇದ್ದರೆ ಈಗಲೇ ಹತ್ತಿರ ಕೂತು ಕೇಳಿ: ಹೋದವನ ಹೆಸರೇನು, ಹೋಗುವಾಗ ಪ್ರಾಯ ಎಷ್ಟು, ಕೊನೆಯ ಕಾಗದ ಎಲ್ಲಿಂದ ಬಂತು, ಅವನಿಗಾಗಿ ಮಯ್ಯತ್ ನಮಾಝ್ ಮಾಡಿದರೋ ಇಲ್ಲವೋ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ, ಬ್ಯಾರಿಯಲ್ಲಾದರೆ ಬ್ಯಾರಿಯಲ್ಲೇ, ಬರೆದಿಡಿ.